ಗರಾಜಿನಲ್ಲೊಂದು ಚೆನ್ನೆಮಣೆ

ಊರಿನಿಂದ ತಂದ ಮರದ ಸಾಮಾನು ಅಮೆರಿಕದ ಮೊದಲ ಚಳಿಗಾಲದಲ್ಲೇ ಬಿರುಕು ಬಿಟ್ಟ ಕಥೆ ನಮ್ಮ ಬಳಗದ ಎಷ್ಟೋ ಮನೆಗಳಲ್ಲಿದೆ. ಅಜ್ಜಿಯ ಕಾಲದ ಚೆನ್ನೆಮಣೆ, ಪುಟ್ಟ ದೇವರ ಮಂಟಪ, ಊಟದ ಮಣೆ... ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ಜೋಪಾನವಾಗಿ ತಂದದ್ದು ಜನವರಿಯ ಒಂದು ರಾತ್ರಿ 'ಟಪ್' ಎಂದು ಸೀಳುತ್ತದೆ. ವಿಮಾನದವರು ಎತ್ತಿ ಹಾಕಿದ್ದರಿಂದಲೇ ಹೀಗಾಯಿತು ಎಂದು ಅವರನ್ನು ಬೈದು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಇದು ಬಹುಮಟ್ಟಿಗೆ ನಮ್ಮ ಮನೆಯ ಹೀಟರಿನ ಕೆಲಸ.

ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಗಾಳಿಯ ತೇವಾಂಶ ಶೇಕಡಾ 75ರ ಸುಮಾರಿಗಿದ್ದರೆ (ನಮ್ಮ ಕರಾವಳಿಯಲ್ಲಿ ಇದೇನೂ ವಿಶೇಷವಲ್ಲ), ಮರದೊಳಗೆ ಅದರ ಒಣ ತೂಕದ ಶೇಕಡಾ 14ರಷ್ಟು ನೀರಿರುತ್ತದೆ. ಹೀಟರ್ ಉರಿಯುವ ಮನೆಯಲ್ಲಿ ಗಾಳಿಯ ತೇವಾಂಶ 30ಕ್ಕೆ ಇಳಿದರೆ ಮರದ ನೀರೂ ಶೇಕಡಾ 6ಕ್ಕೆ ಇಳಿಯುತ್ತದೆ. ನೀರು ಹೋದಂತೆ ಮರ ಕುಗ್ಗುತ್ತದೆ. ಉದ್ದದಲ್ಲಿ ಅಲ್ಲ, ಅಗಲದಲ್ಲಿ. ಅದರಲ್ಲೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು ಹೆಚ್ಚು. ಉಂಗುರಗಳಿಗೆ ಅಡ್ಡಲಾಗಿ ಅದಕ್ಕಿಂತ ಕಡಿಮೆ. 8 ಅಂಗುಲ ಅಗಲದ ವಾಲ್‌ನಟ್ ಹಲಗೆ 14ರಿಂದ 6ಕ್ಕೆ ಇಳಿದರೆ ಸುಮಾರು 4 ಮಿಲಿಮೀಟರ್ ಕಿರಿದಾಗಬಹುದು.

ಎಲ್ಲ ಕಡೆ ಒಟ್ಟಿಗೆ ಕುಗ್ಗಿದರೆ ತೊಂದರೆಯಿಲ್ಲ. ಆದರೆ ಹಲಗೆಯ ಎರಡು ತುದಿಗಳಲ್ಲಿ ನಾರಿನ ಬಾಯಿ ತೆರೆದಿರುತ್ತದೆ, ನೀರು ಅಲ್ಲಿಂದ ಬೇಗ ಹೊರಬೀಳುತ್ತದೆ. ತುದಿ ಕುಗ್ಗಲು ಹೊರಡುತ್ತದೆ, ನಡುಭಾಗ ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ತುದಿ ಸೀಳುತ್ತದೆ. ಹೀಗೆ ಸೀಳಿದ ಹಳೆಯ ಮಣೆಗೆ ಚಳಿಗಾಲದಲ್ಲಿ ಎಪಾಕ್ಸಿ ತುಂಬಿಸಬೇಡಿ. ಬೇಸಿಗೆಯಲ್ಲಿ ಮರ ಮತ್ತೆ ಹಿಗ್ಗುವಾಗ ಆ ಗಟ್ಟಿ ಗೆರೆ ಬೆಣೆಯಂತೆ ಕೂತು ಬಿರುಕನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಹ್ಯೂಮಿಡಿಫೈಯರ್ ಇಟ್ಟು ಮನೆಯ ಗಾಳಿಯನ್ನು 40ರ ಆಸುಪಾಸಿನಲ್ಲಿ ಇಡುವುದೇ ಮೇಲು. ಬಿರುಕು ಇದ್ದಲ್ಲೇ ಇರಲಿ.

ಇನ್ನೊಂದು ದಾರಿ, ಹೊಸದನ್ನು ಇಲ್ಲಿಯ ಮರದಲ್ಲೇ ನಾವೇ ಮಾಡುವುದು. ಮರಗೆಲಸ ಕಲಿಯಬೇಕೆನ್ನುವವರಿಗೆ ಚೆನ್ನೆಮಣೆಗಿಂತ ಒಳ್ಳೆಯ ಮೊದಲ ಪಾಠ ನನಗೆ ತೋಚುವುದಿಲ್ಲ. ಒಂದೇ ಹಲಗೆ, ಎರಡು ಸಾಲು, ಸಾಲಿಗೆ ಏಳು ಗುಳಿ. ಕೀಲಿಲ್ಲ, ಮೊಳೆಯಿಲ್ಲ, ಅಂಟಿಲ್ಲ. ಮರ ಹಿಗ್ಗಿ ಕುಗ್ಗಿದರೆ ಅದರ ಪಾಡಿಗೆ ಹಿಗ್ಗಿ ಕುಗ್ಗಲಿ!

ಸಾಹಿತ್ಯದವರಿಗೆ ಈ ಮಣೆ ಅಪರಿಚಿತವೇನಲ್ಲ. ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಲೌರಿ ಹಾಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮೊದಲಾದವರೊಡನೆ ಸೇರಿ 1998ರಲ್ಲಿ ಪ್ರಕಟಿಸಿದರು. ಎರಡು ಅಂಗುಲ ದಪ್ಪದ ಹಲಗೆಯನ್ನು ಒಮ್ಮೆ ಕೈಯಲ್ಲಿ ಎತ್ತಿದರೆ ಆ ಏಟಿನ ತೂಕ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಹಲಗೆಯ ವಿಚಾರ. ಹೋಮ್ ಡಿಪೋದ ಟೂ ಬೈ ಫೋರ್ ಬೇಡ. ಅದು ಮೆದು ಪೈನ್. ಹೆಸರಿಗೆ 2 ಮತ್ತು 4, ಅಳೆದರೆ ಒಂದೂವರೆ ಮತ್ತು ಮೂರೂವರೆ ಅಂಗುಲ! ಗಟ್ಟಿಮರ ಮಾರುವ ಅಂಗಡಿಯಲ್ಲಿ 'ಏಟ್ ಕ್ವಾರ್ಟರ್' ಎಂದು ಕೇಳಿ, ಎರಡಂಗುಲ ದಪ್ಪದ್ದು ಸಿಗುತ್ತದೆ. 24 ಅಂಗುಲ ಉದ್ದ, 8 ಅಂಗುಲ ಅಗಲ ಸಾಕು. ಮರದ ಗಡಸುತನ ಅಳೆಯುವ ಜಂಕಾ ಮಾಪನದಲ್ಲಿ ಬಾಸ್‌ವುಡ್ 410, ವಾಲ್‌ನಟ್ 1010, ಹಾರ್ಡ್ ಮೇಪಲ್ 1450. ಬಾಸ್‌ವುಡ್ ಬೆಣ್ಣೆಯಂತೆ ಕೆತ್ತಬಹುದು, ಆದರೆ ಉಗುರು ತಾಗಿದರೂ ಗುರುತು. ಮೇಪಲ್ ಹೊಸಬರ ಮಣಿಕಟ್ಟು ಮುರಿಯುತ್ತದೆ. ನನ್ನ ಓಟು ವಾಲ್‌ನಟ್‌ಗೆ. ತಂದ ಹಲಗೆಯನ್ನು ಗರಾಜಿನಲ್ಲಲ್ಲ, ಮನೆಯೊಳಗೆ ಎರಡು ವಾರ ಇಡಿ, ಅದು ಹೊಂದಿಕೊಳ್ಳಲಿ.

ಊರಿನ ಆಚಾರಿ ನೆಲದ ಮೇಲೆ ಕೂತು ಹಲಗೆಯನ್ನು ಕಾಲಲ್ಲೇ ಒತ್ತಿ ಹಿಡಿದು ಕೆತ್ತುತ್ತಿದ್ದ. ನಾವು ಆ ಸಾಹಸಕ್ಕೆ ಹೋಗದೆ ಎರಡು ಕ್ಲ್ಯಾಂಪುಗಳಿಂದ ಮೇಜಿಗೆ ಬಿಗಿಯೋಣ. ಎರಡೂವರೆ ಅಂಗುಲದ ವೃತ್ತಗಳನ್ನು ಗುರುತಿಸಿ, ಪ್ರತಿಯೊಂದರ ನಡುವೆ ಡ್ರಿಲ್ಲಿನಲ್ಲಿ ಅರ್ಧ ಅಂಗುಲಕ್ಕೆ ತುಸು ಹೆಚ್ಚು ಆಳದ ತೂತು ಕೊರೆಯಿರಿ. ಆಳ ಎಲ್ಲಿಗೆ ನಿಲ್ಲಬೇಕೆಂದು ಆ ತೂತೇ ಹೇಳುತ್ತದೆ. ಆಮೇಲೆ ಬಾಗಿದ ಬಾಯಿಯ ಉಳಿ (ಇಲ್ಲಿ ಗೌಜ್ ಎನ್ನುತ್ತಾರೆ) ಮತ್ತು ಕೊಡತಿ. ಅಂಚಿನಿಂದ ನಡುವಿಗೆ ಇಳಿಯುತ್ತ ಕೆತ್ತಬೇಕು, ನಡುವಿನಿಂದ ಮೇಲಕ್ಕೆ ಎಂದೂ ಅಲ್ಲ. ಇಳಿಯುವಾಗ ಕೆಳಗಿನ ನಾರು ಮೇಲಿನದಕ್ಕೆ ಆಸರೆ ಕೊಡುತ್ತದೆ. ಹತ್ತುವಾಗ ಉಳಿ ನಾರಿನಡಿ ಹೊಕ್ಕು ಚಕ್ಕೆ ಎಬ್ಬಿಸುತ್ತದೆ. ಮೊದಲ ಗುಳಿಗೆ ಒಂದಿಡೀ ಸಂಜೆ ಹಿಡಿದರೆ ಏಳನೆಯದಕ್ಕೆ ಅರ್ಧ ಗಂಟೆ ಸಾಕು. ಉಳಿಯ ಮುಂದೆ ಇನ್ನೊಂದು ಕೈ ಇಡಬೇಡಿ. ಸ್ಯಾಂಡ್‌ಪೇಪರ್ ಹಾಕುವಾಗ ಮಾಸ್ಕ್ ಬೇಕೇ ಬೇಕು. ಮರದ ಪುಡಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ.

ಕೊನೆಗೆ ಅಗಸೆ ಎಣ್ಣೆ, ಅಂದರೆ ಲಿನ್‌ಸೀಡ್ ಆಯಿಲ್. ಮೇಲ್ಭಾಗಕ್ಕಷ್ಟೇ ಅಲ್ಲ, ಅಡಿಗೂ ತುದಿಗಳಿಗೂ ಸಮನಾಗಿ ಬಳಿಯಿರಿ. ಇಲ್ಲದಿದ್ದರೆ ಒಂದು ಮೈ ಬೇಗ ಒಣಗಿ ಹಲಗೆ ಡೊಂಕಾದೀತು. ಒರೆಸಿದ ಬಟ್ಟೆಯ ಬಗ್ಗೆ ಮಾತ್ರ ದಯವಿಟ್ಟು ಎಚ್ಚರ. ಈ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದ ಜೊತೆ ಕೂಡುವುದು, ಆಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಹೊರಹೋಗಲಾರದೆ, ಯಾರೂ ಕಡ್ಡಿ ಗೀರದಿದ್ದರೂ, ಕೆಲವು ಗಂಟೆಗಳಲ್ಲಿ ತಾನೇ ಹೊತ್ತಿಕೊಳ್ಳಬಹುದು. ಗರಾಜು ಸುಟ್ಟುಹೋಗುವುದು ಹೀಗೆಯೇ. ಬಟ್ಟೆಯನ್ನು ಹೊರಗೆ ಒಂಟಿಯಾಗಿ ಹರವಿ ಒಣಗಿಸಿ, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿ.

ಎಣ್ಣೆ ಒಣಗುವಷ್ಟರಲ್ಲಿ ಕಾಯಿಗಳನ್ನು ಹೊಂಚಿಕೊಳ್ಳಿ. ಗುಳಿಗೆ ನಾಲ್ಕರಂತೆ 56 ಬೇಕು. ಮಂಜಟ್ಟಿ ಸಿಕ್ಕರೆ ಬಲು ಚೆಂದ, ಆದರೆ ಕಪ್ಪು ಚುಕ್ಕೆಯ ಗುಲಗಂಜಿ ಬೇಡ. ಅಗಿದರೆ ಅದು ವಿಷ, ಚಿಕ್ಕ ಮಕ್ಕಳಿರುವ ಮನೆಗಂತೂ ಸಲ್ಲದು. ಇಂಡಿಯನ್ ಅಂಗಡಿಯಲ್ಲಿ ಬೀಜ ತೆಗೆಯದ ಹುಣಿಸೆಹಣ್ಣು ಸಿಗುತ್ತದೆ. ಒಂದು ಪೊಟ್ಟಣ ತಂದರೆ ಆಟಕ್ಕೆ ಬೀಜವೂ ಆಯಿತು, ತಿಂಗಳಿಗಾಗುವಷ್ಟು ಸಾರಿಗೆ ಹುಳಿಯೂ ಆಯಿತು.