ಬರಹಕ್ಕೆ ದನಿ ಕೊಟ್ಟು ಉಳಿಸುವುದು

ಕಣ್ಣು ಕಾಣದವರು ಅಚ್ಚಾದ ಪುಸ್ತಕವನ್ನು ಓದಿಸಿಕೊಳ್ಳಲು ಇನ್ನೊಬ್ಬರ ಬಿಡುವಿಗೆ ಕಾಯಬೇಕು. ಅದೇ ಪುಸ್ತಕ ಆಡಿಯೊ ಫೈಲಾಗಿ ಕೈಗೆ ಬಂದರೆ ಬೇಕೆಂದಾಗ ಕೇಳಬಹುದು, ತಿಳಿಯದ ಸಾಲನ್ನು ಹತ್ತು ಸಲ ಕೇಳಬಹುದು. ಅಂಥ ಫೈಲನ್ನು ಮನೆಯ ಕಂಪ್ಯೂಟರಿನಲ್ಲೇ ಮಾಡಿಕೊಳ್ಳಬಹುದು.

‘ಇಸ್ಪೀಕ್ ಎನ್‌ಜಿ’ ಎಂಬ ಮುಕ್ತ ತಂತ್ರಾಂಶ ಕನ್ನಡ ಓದಬಲ್ಲದು. ಅಂಧರು ಬಳಸುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಜೊತೆಗೆ ಬರುವ ದನಿಯೂ ಇದರದೇ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ಕೊಡಬೇಕಾದ ಕಮಾಂಡ್ ಒಂದೇ ಸಾಲಿನದು. ತಂತ್ರಾಂಶದ ಹೆಸರಾದ ಮೇಲೆ ‘ವಿ’ ಗುರುತಿನ ಮುಂದೆ ಕನ್ನಡಕ್ಕಾಗಿ ‘ಕೆಎನ್’, ‘ಎಫ್’ ಮುಂದೆ ಓದಬೇಕಾದ ಫೈಲು, ‘ಡಬ್ಲ್ಯು’ ಮುಂದೆ ಉಳಿಸಬೇಕಾದ ಫೈಲಿನ ಹೆಸರು. ಎಂಟರ್ ಒತ್ತಿದರೆ ಸದ್ದೇನೂ ಕೇಳಿಸದು. ಫೋಲ್ಡರಿನಲ್ಲಿ ವೇವ್ ಫೈಲೊಂದು ಸಿದ್ಧವಾಗಿರುತ್ತದೆ. 20 ಅಧ್ಯಾಯಗಳಿದ್ದರೆ ಪೈಥಾನಿನ ಪುಟ್ಟ ಪ್ರೋಗ್ರಾಮ್ ಇದೇ ಕಮಾಂಡನ್ನು 20 ಸಲ ಕೊಟ್ಟು 20 ಫೈಲು ಮಾಡಿಡುತ್ತದೆ.

ಒಳಗೆ ನಡೆಯುವುದೇನು? ಬರಹ ಮೊದಲು ಉಲಿಗಳಾಗಿ ಒಡೆಯುತ್ತದೆ. ಕನ್ನಡದಲ್ಲಿ ಬಹುಮಟ್ಟಿಗೆ ಬರೆದಂತೆಯೇ ಓದುವುದರಿಂದ ಈ ಹಂತ ಸಲೀಸು. ಆದರೂ ‘ಅಂಗಡಿ’, ‘ಸಂತೆ’, ‘ಕಂಬ’ ಎಂದು ಬಾಯಿಬಿಟ್ಟು ಹೇಳಿನೋಡಿ: ಸೊನ್ನೆ ಒಂದೇ, ಉಲಿ ಮೂರು. ಮುಂದಿನ ವ್ಯಂಜನವನ್ನು ನೋಡಿ ಸೊನ್ನೆಯನ್ನು ಉಚ್ಚರಿಸುವ ನಿಯಮವನ್ನು ತಂತ್ರಾಂಶಕ್ಕೆ ಕಲಿಸಿರಬೇಕು. ಉಲಿಗಳು ಗೊತ್ತಾದ ಮೇಲೆ ಇಸ್ಪೀಕ್ ಗಂಟಲು, ಬಾಯಿಗಳ ಅನುರಣನವನ್ನು ಲೆಕ್ಕ ಹಾಕಿ ಧ್ವನಿತರಂಗವನ್ನು ಕಟ್ಟುತ್ತದೆ. ಆದ್ದರಿಂದಲೇ ದನಿ ಯಂತ್ರದಂತೆ ಕೇಳಿಸುತ್ತದೆ, ತಂತ್ರಾಂಶವೂ ಪುಟ್ಟದಾಗಿ ಉಳಿದಿದೆ. ನರಮಂಡಲದ ಮಾದರಿಯ ಹೊಸ ತಂತ್ರಾಂಶಗಳು ಮನುಷ್ಯರ ಓದಿನ ಧ್ವನಿಮುದ್ರಣಗಳಿಂದ ಕಲಿತು ಇನ್ನಷ್ಟು ಸಹಜವಾಗಿ ಓದುತ್ತವೆ.

ನಿಜವಾದ ಶ್ರಮವಿರುವುದು ಬರಹವನ್ನು ಕಿವಿಗೆ ಒಗ್ಗಿಸುವುದರಲ್ಲಿ. ‘12 ಕಿ.ಮೀ.’ ಎಂಬಲ್ಲಿನ ಚುಕ್ಕಿಯನ್ನು ಯಂತ್ರ ವಾಕ್ಯದ ಕೊನೆಯೆಂದು ತಿಳಿದು ನಿಲ್ಲಬಹುದು; ‘ಹನ್ನೆರಡು ಕಿಲೋಮೀಟರ್’ ಎಂದು ಬಿಡಿಸಿ ಬರೆಯಿರಿ. ಫೋನ್ ನಂಬರಿನ ಅಂಕಿಗಳ ನಡುವೆ ಜಾಗ ಬಿಡಿ, ಇಲ್ಲವಾದರೆ ಅದು ಕೋಟಿ ಲಕ್ಷಗಳ ಲೆಕ್ಕವಾದೀತು. ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನ ಫೈಲಾದರೆ ಮೊದಲು ಯೂನಿಕೋಡಿಗೆ ಬದಲಿಸಿ. ಅಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯಂತ್ರ ಓದುವುದು ಒಳಗಿನದನ್ನು.

ಇನ್ನು ಗಾತ್ರದ ಮಾತು. ಸೆಕೆಂಡಿಗೆ ಧ್ವನಿತರಂಗದ 22,050 ಮಾದರಿ, ಪ್ರತಿ ಮಾದರಿಗೆ 2 ಬೈಟ್ ಎಂದರೆ ವೇವ್ ಫೈಲು ನಿಮಿಷಕ್ಕೆ ಸುಮಾರು 2.6 ಎಂಬಿ ಆಗುತ್ತದೆ. 64 ಕೆಬಿಪಿಎಸ್ ಎಂಪಿ3ಗೆ ಬದಲಿಸಿದರೆ ಅರ್ಧ ಎಂಬಿಯೊಳಗೆ ಮುಗಿಯುತ್ತದೆ. ಸಾದಾ ಫೋನಿನ ಮೆಮೊರಿ ಕಾರ್ಡಿನಲ್ಲೂ ಇಡೀ ಪುಸ್ತಕ ಹಿಡಿಸುತ್ತದೆ.

ಯಾರಿಗಾದರೂ ಕೊಡುವ ಮುನ್ನ ಒಂದು ಅಧ್ಯಾಯವನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿ. ಪುಟ ನೋಡಬೇಕು ಅನ್ನಿಸಿದ ಪ್ರತಿ ಜಾಗವನ್ನೂ ಗುರುತಿಸಿಕೊಳ್ಳಿ. ಬರಹವನ್ನು ಅಲ್ಲಿ ತಿದ್ದಿ, ಅದೇ ಕಮಾಂಡನ್ನು ಮತ್ತೊಮ್ಮೆ ಕೊಡಿ.