ರಾಷ್ಟ್ರೀಯ ಸೇವಾ ಯೋಜನೆ

ರಾಷ್ಟ್ರೀಯ ಸೇವಾ ಯೋಜನೆಯು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಓದಿನ ಜೊತೆಯಲ್ಲಿಯೇ ಸಮುದಾಯದ ಸೇವೆಯಲ್ಲಿ ತೊಡಗಲು ಅವಕಾಶ ಕಲ್ಪಿಸುವ ಭಾರತ ಸರ್ಕಾರದ ಕಾರ್ಯಕ್ರಮವಾಗಿದೆ. ಇದು ಎನ್.ಎಸ್.ಎಸ್. ಎಂಬ ಸಂಕ್ಷಿಪ್ತ ಹೆಸರಿನಿಂದಲೇ ಹೆಚ್ಚು ಪರಿಚಿತ. ಮಹಾತ್ಮ ಗಾಂಧಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಆರಂಭವಾದ ಈ ಯೋಜನೆ ಈಗ ಕೇಂದ್ರದ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ಅಧೀನದಲ್ಲಿದ್ದು, ಪದವಿಪೂರ್ವ ಹಂತಕ್ಕೂ ವಿಸ್ತರಿಸಿದೆ. ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಗಳ ವ್ಯಕ್ತಿತ್ವವನ್ನು ರೂಪಿಸುವುದು ಇದರ ಘೋಷಿತ ಉದ್ದೇಶ. ಆದುದರಿಂದ ಹಳ್ಳಿಗೆ ಆದ ಉಪಕಾರವಷ್ಟೇ ಅಲ್ಲ, ಹಳ್ಳಿಯಿಂದ ವಿದ್ಯಾರ್ಥಿಗಳು ಕಲಿತದ್ದೇನು ಎಂಬುದೂ ಇಲ್ಲಿ ಮುಖ್ಯವಾಗುತ್ತದೆ.

ಹಿನ್ನೆಲೆ

ವಿದ್ಯಾರ್ಥಿಗಳ ಸೇವೆ ಕಡ್ಡಾಯವಾಗಿರಬೇಕೇ, ಸ್ವಇಚ್ಛೆಯದಾಗಿರಬೇಕೇ ಎಂಬ ಚರ್ಚೆ ಯೋಜನೆಗಿಂತ ಹಳೆಯದು. ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948-49) ಶಿಕ್ಷಣ ಸಂಸ್ಥೆಗಳಲ್ಲಿ ಸ್ವಯಂಪ್ರೇರಿತ ಸೇವೆಯನ್ನು ಆರಂಭಿಸಲು ಸೂಚಿಸಿತ್ತು. 1959ರಲ್ಲಿ ಸಿ. ಡಿ. ದೇಶಮುಖ್ ಅವರ ಸಮಿತಿ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿಯಿತು. ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಬಯಸುವ ಪ್ರತಿಯೊಬ್ಬರಿಗೂ ಒಂಬತ್ತು ತಿಂಗಳಿನಿಂದ ಒಂದು ವರ್ಷದವರೆಗೆ ರಾಷ್ಟ್ರೀಯ ಸೇವೆಯನ್ನು ಕಡ್ಡಾಯಗೊಳಿಸಬಹುದೆಂದು ಅದು ಶಿಫಾರಸು ಮಾಡಿತು. ಸೈನಿಕ ತರಬೇತಿ, ಸಮಾಜಸೇವೆ, ದೈಹಿಕ ದುಡಿಮೆ ಮತ್ತು ಸಾಮಾನ್ಯ ಶಿಕ್ಷಣ ಅದರ ಅಂಗಗಳಾಗಿದ್ದವು. ಹಣಕಾಸಿನ ಹೊರೆ ಮತ್ತು ಜಾರಿಯ ತೊಡಕುಗಳಿಂದಾಗಿ ಈ ಶಿಫಾರಸು ಅಂಗೀಕಾರವಾಗಲಿಲ್ಲ. ಅನಂತರ ಶಿಕ್ಷಣತಜ್ಞ ಕೆ. ಜಿ. ಸೈಯದೈನ್ ಅವರು ಹಲವು ದೇಶಗಳ ಅನುಭವವನ್ನು ಅಧ್ಯಯನ ಮಾಡಿ, ಸೇವೆ ಸ್ವಇಚ್ಛೆಯದಾಗಿರುವುದೇ ಲೇಸೆಂದು ವರದಿ ನೀಡಿದರು.

ಡಾ. ಡಿ. ಎಸ್. ಕೊಠಾರಿ ಆಯೋಗವು (1964-66) ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಯಾವುದಾದರೊಂದು ಬಗೆಯ ಸಮಾಜಸೇವೆ ಇರಬೇಕೆಂದಿತು. ಚೀನಾ ಯುದ್ಧದ ಬಳಿಕ ಕಾಲೇಜುಗಳಲ್ಲಿ ಕಡ್ಡಾಯವಾಗಿದ್ದ ಎನ್.ಸಿ.ಸಿ. ಸಡಿಲಗೊಳ್ಳುತ್ತಿದ್ದ ಕಾಲವದು. 1967ರಲ್ಲಿ ಸೇರಿದ ರಾಜ್ಯ ಶಿಕ್ಷಣ ಸಚಿವರ ಸಮ್ಮೇಳನವು ಅದಕ್ಕೆ ಪರ್ಯಾಯವಾಗಿ ರಾಷ್ಟ್ರೀಯ ಸೇವೆಯ ಆಯ್ಕೆಯನ್ನು ಸೂಚಿಸಿತು. ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಯೋಜನೆಗೆ ಚಾಲನೆ ನೀಡಿದರು. ಅರ್ಥಶಾಸ್ತ್ರಜ್ಞರಾದ ರಾವ್ ಆಗ ಲೋಕಸಭೆಯಲ್ಲಿ ಬಳ್ಳಾರಿಯ ಪ್ರತಿನಿಧಿಯಾಗಿದ್ದರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ.

ಧ್ಯೇಯವಾಕ್ಯ ಮತ್ತು ಲಾಂಛನ

"ನನಗಲ್ಲ, ನಿನಗೆ" ಎಂಬುದು ಯೋಜನೆಯ ಧ್ಯೇಯವಾಕ್ಯ. ಲಾಂಛನವು ಒಡಿಶಾದ ಕೋನಾರ್ಕ್ ಸೂರ್ಯದೇವಾಲಯದ ರಥಚಕ್ರವನ್ನು ಆಧರಿಸಿದೆ. ಅದರ ಎಂಟು ಅರಗಳು ದಿನದ ಎಂಟು ಪ್ರಹರಗಳನ್ನು, ಅಂದರೆ 24 ಗಂಟೆಯೂ ಸೇವೆಗೆ ಸಿದ್ಧವೆಂಬುದನ್ನು ಸೂಚಿಸುತ್ತವೆ.

ಕಾರ್ಯವಿಧಾನ

ಸಾಮಾನ್ಯವಾಗಿ 100 ಸ್ವಯಂಸೇವಕರಿಗೆ ಒಂದು ಘಟಕ. ಕಾಲೇಜಿನ ಅಧ್ಯಾಪಕರೊಬ್ಬರು ಅದರ ಕಾರ್ಯಕ್ರಮಾಧಿಕಾರಿಯಾಗಿರುತ್ತಾರೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಸಾಕ್ಷರತೆ, ರಕ್ತದಾನ, ಆರೋಗ್ಯ ಜಾಗೃತಿ, ಸಸಿ ನೆಡುವಿಕೆ, ಪ್ರಕೃತಿ ವಿಕೋಪದ ವೇಳೆ ಪರಿಹಾರ ಕಾರ್ಯ ಮುಂತಾದವು ಈ ನಿಯಮಿತ ಚಟುವಟಿಕೆಗಳಲ್ಲಿ ಸೇರಿವೆ.

ಇದಲ್ಲದೆ ಏಳು ದಿನಗಳ ವಾರ್ಷಿಕ ವಿಶೇಷ ಶಿಬಿರವಿರುತ್ತದೆ. ಘಟಕವು ದತ್ತು ಪಡೆದ ಗ್ರಾಮದಲ್ಲಿ ಅಥವಾ ನಗರದ ಕೊಳೆಗೇರಿಯಲ್ಲಿ ಇದು ನಡೆಯುವುದು ವಾಡಿಕೆ. ಕರ್ನಾಟಕದ ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯೋ ಸಮುದಾಯ ಭವನವೋ ಶಿಬಿರದ ವಸತಿಯಾಗುತ್ತದೆ. ಬೆಳಗ್ಗೆ ಧ್ವಜಾರೋಹಣ, ಉಪಾಹಾರದ ನಂತರ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಊರವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ ಎಂಬುದು ಪರಿಚಿತ ದಿನಚರಿ. ಅಡುಗೆ, ಪಾತ್ರೆ ತೊಳೆಯುವಿಕೆ ಮತ್ತು ಶೌಚಾಲಯದ ಸ್ವಚ್ಛತೆಯನ್ನು ತಂಡಗಳು ಸರದಿಯಂತೆ ವಹಿಸಿಕೊಳ್ಳುತ್ತವೆ. ಬೇರೆ ಬೇರೆ ಜಾತಿ ಮತ್ತು ಸ್ಥಿತಿಗತಿಗಳ ಮನೆಗಳಿಂದ ಬಂದವರು ಒಂದೇ ಸೂರಿನಡಿ ವಾರವಿಡೀ ಹೀಗೆ ಬದುಕುವುದು ಕಾಮಗಾರಿಗಿಂತ ದೊಡ್ಡ ಪಾಠವಾಗಬಲ್ಲದು.

ಸೇವೆ ಮತ್ತು ಕಲಿಕೆ

ಅಮೆರಿಕದಲ್ಲಿ 1967ರ ಸುಮಾರಿಗೆ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಅವರು ಬಳಕೆಗೆ ತಂದ "ಸೇವಾ-ಕಲಿಕೆ" ಎಂಬ ಪರಿಕಲ್ಪನೆಯೂ ಇದೇ ಕಾಲದ್ದು. ಅದರಲ್ಲಿ ಸೇವೆಯು ಪಠ್ಯವಿಷಯದೊಂದಿಗೆ ಹೆಣೆದುಕೊಂಡಿರುತ್ತದೆ. ಮಾಡಿದ ಕೆಲಸವನ್ನು ಕುರಿತು ವಿದ್ಯಾರ್ಥಿಗಳು ಬರೆದು, ಚರ್ಚಿಸಿ, ವಿಮರ್ಶಿಸಿಕೊಳ್ಳುತ್ತಾರೆ. ಎನ್.ಎಸ್.ಎಸ್. ಬಹುಮಟ್ಟಿಗೆ ಪಠ್ಯಕ್ರಮದ ಹೊರಗೇ ಬೆಳೆಯಿತು. ಅದರಲ್ಲಿ ಈ ಅವಲೋಕನಕ್ಕೆ ಸಮೀಪವಾದ ಸಾಧನವೆಂದರೆ ಸ್ವಯಂಸೇವಕರ ದಿನಚರಿ ಪುಸ್ತಕ. ಅದು ಬರೀ ಗಂಟೆಗಳ ಲೆಕ್ಕವಾದಾಗ ಯೋಜನೆಯ ಅರ್ಧ ಉದ್ದೇಶ ಕೈತಪ್ಪುತ್ತದೆ. ಚರಂಡಿ ಸ್ವಚ್ಛಗೊಳಿಸಿದವರು, ಅದು ಮತ್ತೆ ಮತ್ತೆ ಕಟ್ಟಿಕೊಳ್ಳುವುದೇಕೆ, ಪಂಚಾಯತಿಯ ಹಣ ಯಾವುದಕ್ಕೆ ವಿನಿಯೋಗವಾಗುತ್ತಿದೆ ಎಂದು ವಿಚಾರಿಸುವಲ್ಲಿಗೆ ತಲುಪಿದರೆ ಅದು ಅರ್ಥಶಾಸ್ತ್ರದ ಪಾಠವೂ ಆಗುತ್ತದೆ, ರಾಜ್ಯಶಾಸ್ತ್ರದ ಪಾಠವೂ ಆಗುತ್ತದೆ.

ವಿಮರ್ಶೆ

ಚಿಂತಕ ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೋದಲ್ಲಿ ಮಾಡಿದ ಭಾಷಣವೊಂದರಲ್ಲಿ, ಬಡವರ ಊರುಗಳಿಗೆ ಸೇವೆಗೆಂದು ಬರುವ ಅಮೆರಿಕದ ವಿದ್ಯಾರ್ಥಿಗಳನ್ನು ಕಟುವಾಗಿ ಟೀಕಿಸಿದ್ದರು. ಸದುದ್ದೇಶವೊಂದೇ ಸಾಲದು, ತಮ್ಮನ್ನು ಕರೆದವರು ಯಾರು ಎಂದು ಅವರು ಕೇಳಿಕೊಳ್ಳಬೇಕೆಂಬುದು ಅವರ ವಾದದ ತಿರುಳು. ಸ್ವದೇಶದ ಹಳ್ಳಿಗೆ ಹೋಗುವ ಶಿಬಿರಕ್ಕೂ ಈ ಪ್ರಶ್ನೆ ಅನ್ವಯಿಸುತ್ತದೆ. ಮಳೆಗಾಲ ಕಳೆದ ಮೇಲೆ ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರೆರೆಯುವವರು ಯಾರೆಂಬುದನ್ನು ಊರವರೊಂದಿಗೆ ಮೊದಲೇ ತೀರ್ಮಾನಿಸದಿದ್ದರೆ ಶ್ರಮದಾನದ ಫಲ ಛಾಯಾಚಿತ್ರದಲ್ಲಷ್ಟೇ ಉಳಿಯುತ್ತದೆ. ಗ್ರಾಮವನ್ನು ದತ್ತು ಪಡೆದು ಅಲ್ಲಿಗೇ ಮರಳಿ ಹೋಗಬೇಕೆಂಬ ನಿಯಮದ ಹಿಂದಿರುವುದು ಇದೇ ವಿವೇಕ.

ಪ್ರಮಾಣಪತ್ರ ಮತ್ತು ಕ್ರೆಡಿಟ್

240 ಗಂಟೆಗಳ ಸೇವೆಯನ್ನೂ ಒಂದು ವಿಶೇಷ ಶಿಬಿರವನ್ನೂ ಪೂರೈಸಿದವರಿಗೆ ಪ್ರಮಾಣಪತ್ರ ದೊರೆಯುತ್ತದೆ. ಕರ್ನಾಟಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪ್ರವೇಶದ ವೇಳೆ ಇದನ್ನು ಪರಿಗಣಿಸಲಾಗುತ್ತದೆ. ಅತ್ಯುತ್ತಮ ಸಾಧನೆಗೆ 1993-94ರಿಂದ ರಾಷ್ಟ್ರಮಟ್ಟದ ಪ್ರಶಸ್ತಿಗಳಿವೆ. ಆಯ್ಕೆಯಾದ ಸ್ವಯಂಸೇವಕರು ದೆಹಲಿಯ ಗಣರಾಜ್ಯೋತ್ಸವ ಪಥಸಂಚಲನದಲ್ಲಿ ಭಾಗವಹಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಮುದಾಯ ಸೇವೆಯನ್ನು ಕ್ರೆಡಿಟ್ ಆಧಾರಿತ ಪಠ್ಯದೊಳಗೆ ತರಲು ಸೂಚಿಸಿದ್ದು, ಸೇವೆಯನ್ನು ಪಾಠದೊಡನೆ ಜೋಡಿಸಲು ಇದರಿಂದ ದಾರಿ ತೆರೆದಿದೆ. ಆದರೆ ಅಂಕಕ್ಕಾಗಿ ಮಾಡುವ ಸೇವೆ ಎಷ್ಟರಮಟ್ಟಿಗೆ ಸ್ವಇಚ್ಛೆಯದು ಎಂಬ, ದೇಶಮುಖ್ ಮತ್ತು ಸೈಯದೈನ್ ಅವರ ಕಾಲದ ಪ್ರಶ್ನೆಯೂ ಇದರೊಂದಿಗೆ ಮರಳಿ ಬಂದಿದೆ.

ಸೇರ್ಪಡೆ

ಸೇರಬಯಸುವವರು ಶೈಕ್ಷಣಿಕ ವರ್ಷದ ಆರಂಭದಲ್ಲಿ ತಮ್ಮ ಕಾಲೇಜಿನ ಕಾರ್ಯಕ್ರಮಾಧಿಕಾರಿಗಳ ಬಳಿ ಹೆಸರು ನೋಂದಾಯಿಸಬೇಕು. ಮೊದಲ ವರ್ಷದ 120 ಗಂಟೆಗಳಲ್ಲಿ 20 ಗಂಟೆಗಳು ಪರಿಚಯಾತ್ಮಕ ತರಬೇತಿಗೆ ಮೀಸಲಾಗಿರುತ್ತವೆ.