ಕಾಗೆ, ಕೊಂಬೆ ಮತ್ತು ಜ್ಯೂರಿ

ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ಗೆಳೆಯರೊಬ್ಬರು ತಮಗೆ ಜ್ಯೂರಿ ಕರೆಪತ್ರ ಬಂದಿದೆ ಎಂದರು. ನಮ್ಮಲ್ಲಿ ಅನೇಕರಿಗೆ ಜ್ಯೂರಿ ಎಂದರೆ ನಾನಾವತಿ ಮೊಕದ್ದಮೆಯ ಕಥೆ, ಅಷ್ಟೇ. ಅವರ ಪ್ರಶ್ನೆ ಇದು: "ಆರೋಪಿ ಹಿಂದೆಯೂ ಇಂಥದ್ದೇ ಮಾಡಿದ್ದರೆ ಅದನ್ನ ನಮಗೆ ಯಾಕ್ರೀ ಮುಚ್ಚಿಡಬೇಕು?" ನಾನು ವಕೀಲನಲ್ಲ, ಸಾಫ್ಟ್‌ವೇರ್‌ನವನು. ಆದರೆ ಉತ್ತರದೊಳಗೆ ಸಂಭವನೀಯತೆಯ ಲೆಕ್ಕ ಅಡಗಿರುವುದರಿಂದ ಆಸಕ್ತಿಯಿಂದ ಓದಿಕೊಂಡೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಇದಕ್ಕೆ ಆಧಾರ 1995ರ ಎವಿಡೆನ್ಸ್ ಆಕ್ಟ್. ಅದರ 97ನೇ ಸೆಕ್ಷನ್ 'ಟೆಂಡೆನ್ಸಿ' ಸಾಕ್ಷ್ಯದ ಬಗ್ಗೆ: ಈತನಿಗೆ ಇಂಥ ಪ್ರವೃತ್ತಿ ಇದೆ, ಆದ್ದರಿಂದ ಈ ಸಲವೂ ಹಾಗೇ ಮಾಡಿರಬೇಕು ಎಂಬ ವಾದ. 98ನೆಯದು 'ಕೋಇನ್ಸಿಡೆನ್ಸ್': ಒಂದೇ ಥರದ ಘಟನೆಗಳು ಇಷ್ಟು ಸಲ ಆಕಸ್ಮಿಕವಾಗಿ ನಡೆಯಲಾರವು ಎಂಬ ವಾದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ? ಒಂದು ಸಲವಾದರೆ ಸರಿ. ಅದೇ ಕಾಗೆ ಕೂತಾಗೆಲ್ಲ ಕೊಂಬೆ ಮುರಿದರೆ ಕಾಗೆಯ ಮೇಲೇ ಅನುಮಾನ.

ಎರಡೂ ಸುಮ್ಮನೆ ಜ್ಯೂರಿಯ ಮುಂದೆ ಬರುವುದಿಲ್ಲ. ಸಾಕ್ಷ್ಯಕ್ಕೆ ಗಣನೀಯ ತೂಕ ಇದೆಯೇ ಎಂದು ಮೊದಲು ನ್ಯಾಯಾಧೀಶರು ನೋಡಬೇಕು. ಪ್ರಾಸಿಕ್ಯೂಷನ್ ಆರೋಪಿಯ ವಿರುದ್ಧ ತಂದದ್ದಾದರೆ 101ನೇ ಸೆಕ್ಷನ್ ಪ್ರಕಾರ ಆ ತೂಕವು ಅನ್ಯಾಯದ ಪೂರ್ವಾಗ್ರಹದ ಅಪಾಯಕ್ಕಿಂತ ಹೆಚ್ಚಿರಬೇಕು. 2020ರವರೆಗೆ "ಬಹಳಷ್ಟು ಹೆಚ್ಚು" ಎಂದಿತ್ತು. ಆ ವರ್ಷ "ಬಹಳಷ್ಟು" ಬಿದ್ದುಹೋಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ರಾಯಲ್ ಕಮಿಷನ್ 2017ರಲ್ಲಿ ಮಾಡಿದ ಶಿಫಾರಸುಗಳು ಇದರ ಹಿಂದಿವೆ. ಒಬ್ಬನ ವಿರುದ್ಧ ಅನೇಕರು ದೂರಿದರೂ ಒಬ್ಬರ ಮಾತು ಇನ್ನೊಬ್ಬರ ಮೊಕದ್ದಮೆಗೆ ಬಾರದೆ ಆರೋಪಿಗಳು ಬಿಡುಗಡೆಯಾಗುತ್ತಿದ್ದರು. ನನ್ನ ಮಟ್ಟಿಗೆ ಆ ಬದಲಾವಣೆ ಬೇಕೇ ಇತ್ತು.

ಆದರೆ ಕಾಗೆಯ ಲೆಕ್ಕ ತಪ್ಪಲೂಬಹುದು. ಕ್ಯಾಥ್ಲೀನ್ ಫೋಲ್ಬಿಗ್ ಎಂಬ ತಾಯಿಯ ನಾಲ್ಕು ಮಕ್ಕಳು 1989ರಿಂದ 1999ರ ನಡುವೆ ಒಂದಾದಮೇಲೊಂದು ತೀರಿಕೊಂಡವು. ನಾಲ್ಕೂ ಸಹಜ ಸಾವಾಗಿರಲು ಸಾಧ್ಯವೇ ಎಂಬ ವಾದ, ಜೊತೆಗೆ ಆಕೆಯ ಡೈರಿಯ ಸಾಲುಗಳು. 2003ರ ಮೇ ತಿಂಗಳಲ್ಲಿ ಜ್ಯೂರಿ ಆಕೆಯನ್ನು ಮೂರು ಕೊಲೆ ಮತ್ತು ಒಂದು ನರಹತ್ಯೆಯ ಅಪರಾಧಿ ಎಂದಿತು. ವಿಚಿತ್ರವೆಂದರೆ ಅದೇ ಜನವರಿಯಲ್ಲಷ್ಟೇ ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಬಿಡುಗಡೆಯಾಗಿದ್ದರು. ಅವರ ವಿಚಾರಣೆಯಲ್ಲಿ ತಜ್ಞರೊಬ್ಬರು, ಅಂಥ ಮನೆಯಲ್ಲಿ ಒಂದು ಮಗು ಹಠಾತ್ತಾಗಿ ಸಾಯುವ ಸಂಭವ 8,543ರಲ್ಲಿ 1, ಆದ್ದರಿಂದ ಎರಡು ಮಕ್ಕಳು ಸಾಯುವುದು 7.3 ಕೋಟಿಯಲ್ಲಿ 1 ಎಂದು ಗುಣಿಸಿ ಹೇಳಿದ್ದರು. ನಮ್ಮ ಕಾಲೇಜಿನ ಸಂಭವನೀಯತೆಯ ಮೊದಲ ಪಾಠ ನೆನಪಿಸಿಕೊಳ್ಳಿ: ಹಾಗೆ ಗುಣಿಸಬೇಕಾದರೆ ಘಟನೆಗಳಿಗೆ ಒಂದಕ್ಕೊಂದು ಸಂಬಂಧ ಇರಬಾರದು. ಒಡಹುಟ್ಟಿದವರ ವಂಶವಾಹಿಗಳು ಸಂಬಂಧವಿಲ್ಲದವೇ? ಮರಕ್ಕೇ ಗೆದ್ದಲು ಹಿಡಿದಿದ್ದರೆ ಯಾವ ಕೊಂಬೆಯೂ ಮುರಿಯಬಹುದು, ಪಾಪ ಕಾಗೆ ಏನು ಮಾಡೀತು?

ಫೋಲ್ಬಿಗ್ ವಿಷಯದಲ್ಲಿ ಇದೇ ಪ್ರಶ್ನೆ ಮುಂದೆ ಬಂತು. ವಿಜ್ಞಾನಿ ಕರೋಲಾ ವಿನ್ಯೂಸಾ ಮತ್ತು ಸಂಗಡಿಗರು ತಾಯಿಯಲ್ಲೂ ಇಬ್ಬರು ಹೆಣ್ಣುಮಕ್ಕಳಲ್ಲೂ ಸಿಎಎಲ್‌ಎಂ2 ಎಂಬ ಜೀನ್‌ನ ಅಪರೂಪದ ರೂಪಾಂತರ ಕಂಡರು. ಹೃದಯದ ಬಡಿತವನ್ನೇ ಕೆಡಿಸಬಲ್ಲದು ಅದು. 2023ರ ಜೂನ್‌ನಲ್ಲಿ ಆಕೆಗೆ ಕ್ಷಮಾದಾನ ಸಿಕ್ಕಿತು, ಡಿಸೆಂಬರ್‌ನಲ್ಲಿ ಶಿಕ್ಷೆಯೇ ರದ್ದಾಯಿತು. ನಡುವೆ ಇಪ್ಪತ್ತು ವರ್ಷ ಜೈಲು.

ಗೆಳೆಯರಿಗೆ ಇಷ್ಟನ್ನು ಹೇಳುವಷ್ಟರಲ್ಲಿ ಮೊಸರನ್ನ ಬಂದಿತ್ತು. "ಹಾಗಾದ್ರೆ ಮುಚ್ಚಿಡೋದೇ ಸರಿ ಅಂತೀರಾ?" ಎಂದರು. ಯಾವಾಗಲೂ ಅಲ್ಲ, ಆದರೆ ತೆರೆದು ತೋರಿಸಿದಾಗ ಎರಡು ಸಲ ಕೇಳಿ ಎಂದೆ: ಈ ಘಟನೆಗಳಿಗೆ ಆರೋಪಿಯನ್ನು ಬಿಟ್ಟು ಬೇರೆ ಏನಾದರೂ ಒಂದೇ ಕಾರಣ ಇರಬಹುದೇ ಅಂತ. ಮುಂದಿನ ವಾರ ಅವರು ಕೋರ್ಟಿಗೆ ಹೋದರು. ಒಳಗೆ ಏನಾಯಿತೋ ಗೊತ್ತಿಲ್ಲ. ಜ್ಯೂರಿ ಕೋಣೆಯ ಮಾತು ಹೊರಗೆ ಹೇಳುವಂತಿಲ್ಲ, ನಾನೂ ಕೇಳಲಿಲ್ಲ.